ಯಜಮಾನರ ಹಾಡಿನ ಡಬ್ಬಿ ಬಿಚ್ಚಿದ್ದು

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದೆ. ಹೊರಗಿನ ಕೋಣೆಯಿಂದ ನಮ್ಮ ಯಜಮಾನರು ಕೂಗಿದರು.

"ಲೇ, ಇದು ಹಾಡ್ತಿಲ್ಲ. ಒಳಗೆ ಟಕ್ ಟಕ್ ಅಂತೈತೆ."

ಹಿಟ್ಟಿನ ಕೈಯಲ್ಲೇ ಹೋದೆ. ಮಂಚದ ಅಂಚಿನಲ್ಲಿ ಕೂತು ಆ ಹಾಡಿನ ಡಬ್ಬಿಯನ್ನು ಕಿವಿಗೆ ಒತ್ತಿ ಹಿಡಿದಿದ್ದರು. ತೆಗೆದುಕೊಂಡು ನೋಡಿದರೆ ಪರದೆಯ ಮೇಲೆ ಬಾಯಿ ಸೊಟ್ಟ ಮಾಡಿಕೊಂಡ ಪುಟ್ಟ ಮುಖವೊಂದು ಕಂಡಿತು, ಕೆಟ್ಟಿದೆ ಎನ್ನುವ ಗುರುತು. ಅದನ್ನು ಅವರಿಗೆ ಹೇಳಲು ಮನಸ್ಸಾಗಲಿಲ್ಲ. "ಸಂಜೆ ಅಂಗಡೀಲಿ ತೋರಿಸ್ತೀನಿ ಬಿಡ್ರಿ" ಎಂದು ಚೀಲಕ್ಕೆ ಹಾಕಿಕೊಂಡು ಭರಮಸಾಗರದ ಬಸ್ಸು ಹಿಡಿದೆ. ಅಲ್ಲಿನ ಶಾಲೆಯಲ್ಲಿ ನಾನು ಟೀಚರು. ಬೆಳಿಗ್ಗೆ ಹೋದರೆ ಚಿತ್ರದುರ್ಗಕ್ಕೆ ಮರಳುವುದು ಸಂಜೆಗೇ. ಅಷ್ಟು ಹೊತ್ತೂ ಅವರು ಮನೆಯಲ್ಲಿ ಒಬ್ಬರೇ.

ಯಜಮಾನರು ಸರ್ಕಾರಿ ಇಲಾಖೆಯೊಂದರಲ್ಲಿ ಜೀಪು ಓಡಿಸುತ್ತಿದ್ದರು. ಜಿಲ್ಲೆಯಲ್ಲಿ ಅವರ ಚಕ್ರ ಉರುಳದ ರಸ್ತೆಯಿರಲಿಲ್ಲ. ಸಕ್ಕರೆ ಕಾಯಿಲೆ ಮೊದಲು ಎಡಗಣ್ಣಿಗೆ ಇಳಿಯಿತು. ದಾವಣಗೆರೆಯಲ್ಲಿ ಲೇಸರ್ ಹೊಡೆಸಿದೆವು, ಕಣ್ಣಿಗೇ ಸೂಜಿ ಚುಚ್ಚಿಸಿದೆವು. ಬಲಗಣ್ಣೂ ಹಿಂದೆಯೇ ಹೋಯಿತು. ಈಗ ಕಿಟಕಿ ಯಾವ ಕಡೆಗಿದೆ ಎನ್ನುವಷ್ಟು ಬೆಳಕು ಕಾಣುತ್ತದೆ, ಅಷ್ಟೇ. ಕೆಲಸ ಬಿಟ್ಟು ಮನೆಯಲ್ಲಿ ಕೂತರು.

ಆ ಡಬ್ಬಿ, ವರ್ಗವಾಗಿ ಹೋಗುವಾಗ ಅವರ ಸಾಹೇಬರೊಬ್ಬರು ಕೊಟ್ಟುಹೋದ ಹಳೆಯ ಮ್ಯೂಸಿಕ್ ಪ್ಲೇಯರ್. ಅಂಗೈಯಗಲದ್ದು. ಮುಂದೆ ಬೆರಳಾಡಿಸುವ ಚಕ್ರ, ಅದರ ನಡುವೆ ಒಂದು ಗುಂಡಿ. ಜೀಪಿನಲ್ಲಿ ಓಡಾಡುತ್ತಿದ್ದಾಗ ಅವರು ಹಾಡುಗಳನ್ನು ದಾರಿಗೊಂದು ಸಾಲಿನಂತೆ ಜೋಡಿಸಿಟ್ಟುಕೊಂಡಿದ್ದರು. ಹೊಳಲ್ಕೆರೆ ದಾರಿಗೆ ಒಂದು, ಹಿರಿಯೂರಿಗೆ ಒಂದು, ಹಿರಿಯೂರಿನಿಂದ ಹೊಸದುರ್ಗಕ್ಕೆ ಇನ್ನೊಂದು. ಊರು ಬರುವುದಕ್ಕೂ ಸಾಲು ಮುಗಿಯುವುದಕ್ಕೂ ಸರಿಹೋಗಬೇಕು, ಹಾಗೆ. ಚಕ್ರ ತಿರುಗಿಸಿದರೆ ಒಂದೊಂದು ಹೆಸರಿಗೂ ಟಿಕ್ ಎನ್ನುತ್ತಿತ್ತು. ಆ ಸದ್ದನ್ನು ಎಣಿಸಿಕೊಂಡು, ಕಣ್ಣು ಹೋದ ಮೇಲೂ ಯಾರ ನೆರವಿಲ್ಲದೆ ಬೇಕಾದ್ದನ್ನು ಹಾಕಿಕೊಳ್ಳುತ್ತಿದ್ದರು. ಮುಟ್ಟಿದ್ದನ್ನೆಲ್ಲ ಓದಿ ಹೇಳುವ ಮೊಬೈಲು ಕೊಡಿಸಿದ್ದೆ. "ಯಾವನೋ ಕಿವೀಲಿ ಕುಂತು ಗದರಿಸ್ದಂಗೆ ಐತೆ" ಎಂದು ಅದನ್ನು ನನ್ನ ಕರೆ ಎತ್ತುವುದಕ್ಕಷ್ಟೇ ಇಟ್ಟುಕೊಂಡರು. ಗಾಜಿನ ಮೇಲೆ ಬೆರಳಿಗೆ ಏನೂ ಸಿಗುವುದಿಲ್ಲವಲ್ಲ. ಮಧ್ಯಾಹ್ನ ಫೋನ್ ಮಾಡಿ ಏನು ಮಾಡ್ತಿದ್ದೀರಿ ಎಂದರೆ, "ಹಿರಿಯೂರಿಗೆ ಹೊಂಟೀನಿ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ.

ಮೊಬೈಲ್ ರಿಪೇರಿ ಅಂಗಡಿಯವನು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. "ಹಾರ್ಡ್ ಡಿಸ್ಕ್ ಹೋಗೇತೆ ಮೇಡಂ. ಇಂಥವು ಈಗ ಯಾರೂ ಮುಟ್ಟಲ್ಲ. ಬಿಸಾಕ್ರಿ, ಒಂದು ಬ್ಲೂಟೂತ್ ಸ್ಪೀಕರ್ ತಗಳ್ರಿ."

ಯಜಮಾನರಿಗೆ ಹೇಳಿದೆ. "ಬಿಡು" ಎಂದರು. ಮತ್ತೆ ಆ ಮಾತೇ ಎತ್ತಲಿಲ್ಲ. ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಆಮೇಲಿನ ದಿನಗಳಲ್ಲಿ ಮಧ್ಯಾಹ್ನದ ಫೋನು ಎತ್ತುವುದನ್ನು ಕಮ್ಮಿ ಮಾಡಿದರು. ಮುಚ್ಚಿಟ್ಟುಹೋದ ಊಟ ಹಾಗೇ ಇರುತ್ತಿತ್ತು. ಗಡ್ಡ ಬೆಳೆಯಿತು. ಒಂದು ಸಂಜೆ ಬಂದರೆ ಬಾಗಿಲು ತೆರೆದಿದೆ, ಮಂಚ ಖಾಲಿ. ಬಚ್ಚಲು ನೋಡಿದೆ, ಹಿತ್ತಲು ನೋಡಿದೆ. ಪಕ್ಕದ ಮನೆಯವರು ನೋಡಿಲ್ಲವೆಂದರು. ಕೊನೆಗೆ ತಾರಸಿಯ ಮೆಟ್ಟಿಲು ಹತ್ತಿದೆ. ನಮ್ಮ ತಾರಸಿಗೆ ಮೂರು ಕಡೆ ಮೊಣಕಾಲೆತ್ತರದ ಗೋಡೆ, ಬೀದಿಯ ಕಡೆ ಅದೂ ಇಲ್ಲ. ಅವರು ಬೀದಿಯ ಕಡೆಗೇ ಮುಖ ಮಾಡಿ ನಿಂತಿದ್ದರು.

ಕೂಗಿದರೆ ಬೆಚ್ಚಿ ಹೆಜ್ಜೆ ಮುಂದಿಟ್ಟಾರು ಎಂದು ಬಾಯಿ ಮುಚ್ಚಿಕೊಂಡೇ ಹತ್ತಿರ ಹೋಗಿ ರಟ್ಟೆ ಹಿಡಿದೆ.

"ಗಾಳಿ ಚೆನ್ನಾಗೈತೆ ಅಂತ ಬಂದೆ" ಎಂದರು.

"ಕೆಳಗೆ ಹೋಗಾಣ ಬರ್ರಿ, ಚಾ ಮಾಡ್ತೀನಿ."

ಅಷ್ಟೇ ಮಾತು. ಗಾಳಿಗೆ ಬಂದದ್ದೋ ಮತ್ತೊಂದಕ್ಕೋ ನಾನು ಕೇಳಲಿಲ್ಲ. ಕೇಳಿದರೆ ಅವರು ನಿಜ ಹೇಳಿಬಿಟ್ಟಾರು ಎಂಬ ಭಯ. ಮಾರನೆಯ ದಿನ ತಾರಸಿ ಬಾಗಿಲಿಗೆ ಬೀಗ ಹಾಕಿದೆ. ಬೀಗ ಬಿದ್ದ ಸದ್ದು ಅವರಿಗೂ ಕೇಳಿಸಿತು.

ಆ ವಾರವೇ ಡಬ್ಬಿಯನ್ನು ನಾನೇ ಬಿಚ್ಚುವುದೆಂದು ನಿರ್ಧರಿಸಿದ್ದು. ಟೀಚರುಗಳ ಕೋಣೆಯಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಯಾವುದೋ ದೇಶದ ಹುಡುಗನೊಬ್ಬ ಸಲೀಸಾಗಿ ಬಿಚ್ಚಿ ಜೋಡಿಸುತ್ತಿದ್ದ. ಹಳೆಯ ತಿರುಗುವ ಡಿಸ್ಕಿನ ಜಾಗದಲ್ಲಿ ಮೆಮೊರಿ ಕಾರ್ಡು ಸಿಕ್ಕಿಸುವ ಒಂದು ಪುಟ್ಟ ಬೋರ್ಡು ಕೂರಿಸಬಹುದಂತೆ. ಅದರಲ್ಲಿ ತಿರುಗುವುದು ಏನೂ ಇಲ್ಲ, ಹಾಗಾಗಿ ಬೇಗ ಕೆಡುವುದಿಲ್ಲ. ಆನ್‌ಲೈನ್‌ನಲ್ಲಿ ತರಿಸಿದೆ.

ಭಾನುವಾರ ಊಟದ ಮೇಜಿನ ಮೇಲೆ ಟವೆಲ್ ಹಾಸಿದೆ. ಸಣ್ಣ ಸಾಮಾನು ಉರುಳಿ ಹೋಗದಿರಲಿ ಎಂದು. ತೆಳುವಾದ ಪ್ಲಾಸ್ಟಿಕ್ ತುಂಡನ್ನು ಸಂದಿಗೆ ತೂರಿಸಿ ಹಿಂದಿನ ಸ್ಟೀಲ್ ಮುಚ್ಚಳವನ್ನು ಮೀಟತೊಡಗಿದೆ. ಬಹಳ ಬಿಗಿ. ಬೆರಳು ನೋಯುವ ತನಕ ಮೀಟಿದೆ. ಒಂದು ಕೊಂಡಿ ಬಿಟ್ಟಿತು, ಇನ್ನೊಂದು ಬಿಟ್ಟಿತು, ಕೈ ಜಾರಿ ಮುಚ್ಚಳ ಒಮ್ಮೆಲೇ ಪೂರ್ತಿ ಎದ್ದುಬಂತು. ವಿಡಿಯೋದ ಹುಡುಗ ಪದೇ ಪದೇ ಎಚ್ಚರಿಸಿದ್ದು ಅದಕ್ಕೇ. ಮುಚ್ಚಳಕ್ಕೂ ಒಳಗಿನ ಬೋರ್ಡಿಗೂ ನಡುವೆ ಕೂದಲಿನಷ್ಟು ತೆಳುವಾದ ಚಪ್ಪಟೆ ಪಟ್ಟಿಯೊಂದಿರುತ್ತದೆ. ಇಯರ್‌ಫೋನಿಗೆ ಸದ್ದು ಹೋಗುವುದು ಅದರ ಮೂಲಕವೇ. ಅದು ಅರ್ಧಕ್ಕೆ ಹರಿದಿತ್ತು.

"ಏನಾತು?" ಎಂದರು ಯಜಮಾನರು, ಮಂಚದಿಂದ. ಮೀಟುವ ಸದ್ದು ನಿಂತದ್ದೇ ಅವರಿಗೆ ಗೊತ್ತಾಯಿತೋ ಏನೋ.

"ಇಯರ್‌ಫೋನಿನ ಪಟ್ಟಿ ಹರೀತು ರೀ. ನನ್ನ ಕೈಲೇ."

"ಯಾರು ಬಿಚ್ಚು ಅಂದಿದ್ರು ನಿಂಗೆ? ಅರ್ಧ ಜೀವ ಇತ್ತು. ಅದನ್ನೂ ತೆಗೆದೆ."

ಗೋಡೆಯ ಕಡೆ ತಿರುಗಿ ಮಲಗಿದರು. ಮಧ್ಯಾಹ್ನ ತಟ್ಟೆ ಮುಟ್ಟಲಿಲ್ಲ. ಸಕ್ಕರೆ ಕಾಯಿಲೆಯವರು ಉಪವಾಸ ಇರಬಾರದೆಂದು ನಾನು ತಟ್ಟೆ ಹಿಡಿದುಕೊಂಡು ಮಂಚದ ಪಕ್ಕ ನಿಂತೇ ಇದ್ದೆ. ನನಗೂ ಸಿಟ್ಟು ಬಂತು. ಶಾಲೆ, ಮನೆ, ಔಷಧಿ, ಇವರ ಮೌನ, ಎಲ್ಲದರ ಸಿಟ್ಟೂ ಒಟ್ಟಿಗೆ ಬಂತು. "ನೀವು ಉಣ್ಣದಿದ್ರೆ ನಾನೂ ಉಣ್ಣಲ್ಲ" ಎಂದು ತಟ್ಟೆಯನ್ನು ಸ್ಟೂಲಿನ ಮೇಲೆ ಕುಕ್ಕಿ ಅಡುಗೆಮನೆಗೆ ಹೋಗಿ ಅತ್ತೆ. ಸ್ವಲ್ಪ ಹೊತ್ತಿಗೆ ತಟ್ಟೆಯ ಸದ್ದು ಕೇಳಿಸಿತು. ಉಣ್ಣುತ್ತಿದ್ದರು.

ಪಟ್ಟಿ ಸಮೇತ ಇನ್ನೊಂದು ಮುಚ್ಚಳ ತರಿಸಿದೆ. ಅದು ಬಂದ ದಿನ ಮೇಜಿನ ಮೇಲೆ ಎಲ್ಲ ಹರವಿಕೊಂಡು ಕೂತಾಗ ಯಜಮಾನರು ಗೋಡೆ ಹಿಡಿದುಕೊಂಡು ಬಂದು ಎದುರಿನ ಕುರ್ಚಿ ಎಳೆದುಕೊಂಡರು.

"ಏನೇನು ಐತೆ ಒಳಗೆ, ಹೇಳು."

ಹೇಳಿದೆ. ಎಡಕ್ಕೆ ಬ್ಯಾಟರಿ, ಬಿಸ್ಕತ್ತಿನಷ್ಟು ದಪ್ಪ. ಹಳೆಯ ಡಿಸ್ಕು ನೀಲಿ ರಬ್ಬರಿನ ಅಂಗಿ ಹಾಕಿಕೊಂಡಿದೆ. ಅದರ ಅಡಿಯಿಂದ ಒಂದು ಅಗಲವಾದ ಪಟ್ಟಿ ಬೋರ್ಡಿಗೆ ಹೋಗಿದೆ, ಪಟ್ಟಿಯ ತುದಿಯನ್ನು ಪ್ಲಾಸ್ಟಿಕ್ಕಿನ ಒಂದು ಪುಟ್ಟ ಕಪ್ಪು ಕದ ಒತ್ತಿ ಹಿಡಿದಿದೆ.

"ಆ ಕದ ಎಳೀಬ್ಯಾಡ. ಉಗುರಿಂದ ಮೇಲಕ್ಕೆ ಎತ್ತು. ಜೀಪಿನ ಮೀಟರ್ ಹಿಂದೇನೂ ಅಂಥವೇ ಇರೋವು."

ಡಬ್ಬಿ ಜಾರದಂತೆ ಅವರು ಎರಡೂ ಅಂಗೈಯಲ್ಲಿ ಹಿಡಿದುಕೊಂಡರು. ನಾನು ಕದ ಎತ್ತಿದೆ, ಹಳೆಯ ಡಿಸ್ಕು ತೆಗೆದೆ, ಹೊಸ ಬೋರ್ಡು ಸಿಕ್ಕಿಸಿದೆ. ಹಳೆಯ ಡಿಸ್ಕನ್ನು ಅವರು ಬೆರಳಲ್ಲಿ ತೂಗಿ ನೋಡಿದರು. "ಇಷ್ಟು ಭಾರ ಇತ್ತಾ" ಎಂದರು. ಬಹಳ ದಿನಗಳ ಮೇಲೆ ನಾವಿಬ್ಬರೂ ಎದುರುಬದುರು ಕೂತು ಮಾತಾಡಿದ್ದು ಅದೇ.

ಮುಚ್ಚಳ ಹಾಕಿ ಗುಂಡಿ ಒತ್ತಿದೆ. ಪರದೆ ಬೆಳಗಿತು. ಅವರ ಕೈಗೆ ಕೊಟ್ಟೆ. ಅಂಗೈಗೆ ಒತ್ತಿ ಹಿಡಿದು ನೋಡಿದರು.

"ಮೊದಲು ಹಾಡು ಶುರುವಾಗೋವಾಗ ಒಳಗೆ ಏನೋ ತಿರುಗ್ತಿತ್ತು. ಕೈಗೆ ಗೊತ್ತಾಗ್ತಿತ್ತು. ಇದ್ರಲ್ಲಿ ಏನೂ ಇಲ್ಲ."

"ತಿರುಗೋದು ಇಲ್ಲ ರೀ ಇದ್ರಲ್ಲಿ. ಅದಕ್ಕೇ ಕೆಡಲ್ಲ."

"ಸರಿ" ಎಂದರು. ಸರಿ ಎಂದ ಧ್ವನಿ ಸರಿಯಿರಲಿಲ್ಲ.

ಹೊಸ ಕಾರ್ಡು ಹಾಕಿದ್ದರಿಂದ ಡಬ್ಬಿ ಖಾಲಿಯಾಗಿತ್ತು. ಹಾಡುಗಳಿದ್ದದ್ದು ಹೊಳಲ್ಕೆರೆಯಲ್ಲಿ, ನಾದಿನಿಯ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಮೊದಲೂ ಅಲ್ಲಿಂದಲೇ ತುಂಬಿಸಿಕೊಂಡು ಬಂದದ್ದು. ಯಜಮಾನರು ಆಸ್ಪತ್ರೆಗಲ್ಲದೆ ಊರು ಬಿಟ್ಟು ಎಷ್ಟೋ ಕಾಲವಾಗಿತ್ತು. "ನೀನೇ ಹೋಗಿ ತಾ" ಎಂದರು. "ಯಾವುದರ ಮುಂದೆ ಯಾವುದು ಅಂತ ನನಗೇನು ಗೊತ್ತು?" ಎಂದೆ. ಮರುದಿನ ಬೆಳಿಗ್ಗೆ ತಾವೇ ಗಡ್ಡ ಕೆರೆದುಕೊಂಡು, ಎರಡು ಕಡೆ ಗಾಯ ಮಾಡಿಕೊಂಡು, ಅಂಗಿ ಹಾಕಿಕೊಂಡು ಕೂತಿದ್ದರು.

ನಾದಿನಿ ಹೊಳಲ್ಕೆರೆಯಲ್ಲಿ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ರವಿಕೆ ಹೊಲಿಯುತ್ತಾಳೆ. ಅಣ್ಣನನ್ನು ಬಾಗಿಲಲ್ಲಿ ಕಂಡು ಮೆಷಿನ್ ಬಿಟ್ಟು ಎದ್ದುಬಂದಳು. "ಕುಂತ್ಕಳಣ್ಣ" ಎಂದು ಕೈ ಹಿಡಿದು ಕುರ್ಚಿಗೆ ಕರೆದೊಯ್ದಳು. ಕಂಪ್ಯೂಟರು ಬಟ್ಟೆಯ ರಾಶಿಯ ಹಿಂದಿತ್ತು. ಬಹಳ ಹೊತ್ತು ಗುರುಗುಟ್ಟಿ ಕೊನೆಗೂ ಶುರುವಾಯಿತು. ಹಾಡುಗಳೆಲ್ಲ ಇದ್ದವು. ಸಾಲುಗಳು ಮಾತ್ರ ಇರಲಿಲ್ಲ.

"ಒಂದ್ಸಲ ರಿಪೇರಿ ಮಾಡಿಸಿದ್ವಿ ಅತ್ತಿಗೆ, ಆವಾಗ ಹೋದವೇನೋ" ಎಂದಳು.

"ನಾನು ಹೇಳ್ತೀನಿ, ಜೋಡಿಸ್ರಿ" ಎಂದರು ಯಜಮಾನರು.

ಹೊಳಲ್ಕೆರೆಯ ಸಾಲನ್ನು ಒಂದೇ ಉಸಿರಿಗೆ ಹೇಳಿದರು. ಹಿರಿಯೂರಿನದನ್ನೂ ಹೇಳಿದರು. ಇಂಥ ಡಾಬಾ ಬರುವ ಹೊತ್ತಿಗೆ ಇಂಥ ಹಾಡು, ಇಂಥ ಇಳಿಜಾರಿಗೆ ಇಂಥದು. ಹೇಳುತ್ತಾ ಹೇಳುತ್ತಾ ಕಾಲು ನೆಲದ ಮೇಲೆ ತಾನಾಗಿ ಒತ್ತುತ್ತಿತ್ತು, ಕ್ಲಚ್ ತುಳಿದಂತೆ. ನಾದಿನಿ ನನ್ನ ಮುಖ ನೋಡಿ ನಕ್ಕಳು. ಹಿರಿಯೂರು ಬಿಟ್ಟು ಹೊಸದುರ್ಗದ ಸಾಲು ಶುರುವಾಯಿತು. ಮಾರಿಕಣಿವೆಯ ಅಣೆಕಟ್ಟಿನ ತನಕ ಬಂದರು. ನಿಂತರು.

"ಆಮೇಲೆ?" ಎಂದಳು ನಾದಿನಿ.

"ತಡಿ."

ಕಾದೆವು. ಅವರ ತುಟಿ ಅಲ್ಲಾಡುತ್ತಿತ್ತು.

"ಅಣೆಕಟ್ಟು ದಾಟಿದ ಮೇಲೆ ಎಡಕ್ಕೆ ಗುಡ್ಡ. ಗುಡ್ಡದ ಮೇಲೆ ಗಾಳಿ ಫ್ಯಾನು. ಅದಾದ ಮೇಲೆ..." ಅವರ ಕೈ ಗಾಳಿಯಲ್ಲಿ ಸ್ಟಿಯರಿಂಗ್ ಹಿಡಿದಂತೆ ಎದ್ದು ಹಾಗೇ ಉಳಿಯಿತು. "ಅದಾದ ಮೇಲೆ ರಸ್ತೆ ಕಾಣ್ತಿಲ್ಲ ಕಣೇ."

ನಾನು ಬಾಯಿ ಹಾಕಿ, ಊರುಗಳು ಬರ್ತಾವಲ್ಲ, ತೆಂಗಿನ ತೋಟ ಬರ್ತಾವಲ್ಲ ಎಂದೆ.

"ಅದು ನೀನು ಹೇಳೋ ರಸ್ತೆ. ನಂದು ಹೋಗ್ತಾ ಐತೆ. ಕಣ್ಣು ಹೋದ್ರೂ ಒಳಗೆ ಐತೆ ಅಂತ ಇದ್ದೆ. ಹಾಡು ಹಾಕ್ಕಂಡ್ರೆ ಕಾಣ್ತಿತ್ತು. ಈಗ ಒಳಗಿಂದೂ ಅಳಿಸ್ತಾ ಐತೆ. ನಿನ್ನ ಮುಖಾನೂ ಹಿಂಗೇ ಹೋಗುತ್ತೆ."

ನಾದಿನಿ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು. ಅವರ ಕೈಯನ್ನು ತಂದು ನನ್ನ ಕೆನ್ನೆಯ ಮೇಲಿಟ್ಟುಕೊಂಡೆ. ನಮ್ಮಂಥವರು ಇನ್ನೊಬ್ಬರ ಮನೆಯಲ್ಲಿ ಹಾಗೆಲ್ಲ ಮಾಡುವುದಿಲ್ಲ. ಅವರೂ ಕೈ ತೆಗೆಯಲಿಲ್ಲ. ತಾರಸಿಯ ಮೇಲೆ ಅವರು ಏನನ್ನು ಯೋಚಿಸುತ್ತಾ ನಿಂತಿದ್ದರೆಂದು ಆಗ ಸ್ವಲ್ಪ ಅರ್ಥವಾಯಿತು ಅನ್ನಿಸಿತು. ಪೂರ್ತಿ ಅಲ್ಲ.

ಜೋಡಿಸಿದಷ್ಟನ್ನು ಡಬ್ಬಿಗೆ ತುಂಬಿಸಿಕೊಂಡು, ಹೊಸದುರ್ಗದ ಸಾಲನ್ನು ಅರ್ಧಕ್ಕೇ ಬಿಟ್ಟು ಬಂದೆವು.

ಅವರು ಡಬ್ಬಿಯನ್ನು ಮತ್ತೆ ಹಿಡಿಯಲು ಸುಮಾರು ದಿನ ಬೇಕಾಯಿತು. ಮೊದಮೊದಲು ಅದು ತಲೆದಿಂಬಿನ ಪಕ್ಕ ಬಿದ್ದಿರುತ್ತಿತ್ತು. ಒಂದು ಸಂಜೆ ನಾನು ಬಾಗಿಲು ತೆರೆಯುತ್ತಿದ್ದಂತೆ, "ಚಾರ್ಜಿಗೆ ಹಾಕದೆ ಹೋಗಿದ್ದೀಯಲ್ಲ, ಮಧ್ಯಾಹ್ನನೇ ನಿಂತೋತು" ಎಂದು ಬೈದರು. ಬೈಸಿಕೊಂಡು ಚಾರ್ಜರ್ ಹುಡುಕಿದೆ. ಆದರೆ ಎಲ್ಲ ದಿನವೂ ಹಾಗಿರುವುದಿಲ್ಲ. ಕೆಲವು ಮಧ್ಯಾಹ್ನ ಫೋನು ಎತ್ತುವುದಿಲ್ಲ. ಆಗ ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಅರ್ಧಕ್ಕೇ ಬಿಟ್ಟು ಪಕ್ಕದ ಮನೆಯವರಿಗೆ ಫೋನ್ ಮಾಡುತ್ತೇನೆ.

ಹೊಸದುರ್ಗಕ್ಕೆ ಹೋಗಿಬರೋಣ ಎಂದದ್ದು ನಾನೇ. ಮೊದಲು ಬೇಡವೆಂದರು, ಆಮೇಲೆ ಒಪ್ಪಿದರು. ಒಂದು ಭಾನುವಾರ ಹಿರಿಯೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿದೆವು. ಕಿಟಕಿಯ ಪಕ್ಕ ಅವರನ್ನು ಕೂರಿಸಿದೆ. ಒಂದು ಇಯರ್‌ಫೋನ್ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಕಂಡದ್ದನ್ನೆಲ್ಲ ಹೇಳಬೇಕೆಂದು ನಾನು ಸಿದ್ಧಳಾಗಿ ಕೂತಿದ್ದೆ. ಬಸ್ಸು ಊರು ದಾಟಿದ ಸ್ವಲ್ಪ ಹೊತ್ತಿಗೇ ಅವರ ತಲೆ ನನ್ನ ಭುಜಕ್ಕೆ ವಾಲಿತು. ಹಿಂದಿನ ರಾತ್ರಿ ಅವರಿಗೆ ನಿದ್ದೆಯಿರಲಿಲ್ಲ. ಅಣೆಕಟ್ಟಿನ ಹತ್ತಿರ ಬಂದಾಗ ಎಬ್ಬಿಸಲೇ ಎಂದುಕೊಂಡೆ. ಬಾಯಿ ಅರೆತೆರೆದು ಮಗುವಿನ ಹಾಗೆ ಮಲಗಿದ್ದರು. ಅಷ್ಟು ಗಾಢವಾಗಿ ಅವರು ಮಲಗಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಅರ್ಧ ಸಾಲು ಮುಗಿದು ಹಾಡು ನಿಂತಿತು. ಉಳಿದ ದಾರಿಯನ್ನು ನಾನೊಬ್ಬಳೇ ನೋಡಿದೆ.

ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗಿದಾಗ ಎಚ್ಚರವಾಯಿತು.

"ಮಾರಿಕಣಿವೆ ಬಂತಾ?"

"ಹೋತು. ಹೊಸದುರ್ಗಾನೇ ಬಂತು, ಇಳೀರಿ."

"ಎಬ್ಬಿಸಬಾರದಿತ್ತಾ?" ಎಂದರು. ಸಿಟ್ಟಿರಲಿಲ್ಲ. ಕೆಳಗಿಳಿದು ನನ್ನ ಭುಜ ಹಿಡಿದು ನಿಂತು, ಆಚೀಚೆ ಮುಖ ತಿರುಗಿಸಿ ಗಾಳಿಯ ವಾಸನೆ ಹಿಡಿದರು. "ಇಲ್ಲೇ ಬಲಗಡೆ ಒಂದು ಮಿರ್ಚಿ ಅಂಗಡಿ ಇರಬೇಕು, ಐತಾ ನೋಡು."

ಬಲಗಡೆ ಇದ್ದದ್ದು ಮೊಬೈಲ್ ಅಂಗಡಿ. ಮಿರ್ಚಿಯ ಗಾಡಿ ಅದರ ಪಕ್ಕಕ್ಕೆ ಸರಿದಿತ್ತು. ಹಾಗೆಯೇ ಹೇಳಿದೆ. "ಸರಿ, ಅಲ್ಲಿಗೇ ಹೋಗಾಣ" ಎಂದರು. ಹೆಚ್ಚು ತಿನ್ನಬಾರದು ಎಂದು ನಾನು ಹೇಳುತ್ತಲೇ ಇದ್ದೆ. ಅವರು ಆಗಲೇ ಎರಡು ತಟ್ಟೆ ಹೇಳಿಯಾಗಿತ್ತು.