ಟೀಚರ್ ಕೂಗದ ಆ ಶನಿವಾರ

ಮೊನ್ನೆ ದಾಸರಹಳ್ಳಿಯ ಗ್ರಂಧಿಗೆ ಅಂಗಡಿಯವನು ಹಳೇ ಪೇಪರಿನ ಪೊಟ್ಟಣಕ್ಕೆ ಜ್ಯೇಷ್ಠಮಧುವಿನ ಕಡ್ಡಿಗಳನ್ನು ಸುರಿದಾಗ ಎದ್ದ ಆ ವಾಸನೆ... ಸಿಹಿ ಹೌದು, ಆದರೆ ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆ ತೆರೆದಾಗ ಬರುವಂಥದ್ದು. ನಾನು ಹೋದದ್ದು ನನ್ನ ಗಂಟಲಿಗೆ ಮದ್ದು ತರಲು. ಪೊಟ್ಟಣ ಕೈಗೆ ಬಂದಾಗ ನೆನಪಾದದ್ದು ಇನ್ನೊಬ್ಬರ ಗಂಟಲು.

ಅವರು ನಮ್ಮ ವಠಾರದ ಮೂರನೇ ಮನೆಯಲ್ಲಿದ್ದ ಬಾಲವಾಡಿ ಟೀಚರ್. ಹತ್ತು ವರ್ಷದ ಮೇಲಾಯಿತು. ಮಹಿಳಾ ಮಂಡಳಿಯವರು ನಡೆಸುತ್ತಿದ್ದ ಆ ಬಾಲವಾಡಿ ಎಂದರೆ ಶೀಟ್ ಹೊದಿಸಿದ ಒಂದೇ ಕೋಣೆ. ಅದರೊಳಗೆ ಪೀಣ್ಯದ ಕಾರ್ಖಾನೆಗಳಿಗೆ ಹೋಗುವವರ ನಲವತ್ತು ಮಕ್ಕಳು, ಅಷ್ಟೂ ಮಕ್ಕಳಿಗೆ ಒಬ್ಬರೇ ಟೀಚರ್. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವರ ಕೂಗು ನಮ್ಮ ಬೀದಿ ನಲ್ಲಿಯವರೆಗೂ ಕೇಳಿಸುತ್ತಿತ್ತು. ಆಮೇಲೆ ಮನೆಗೆ ಬಂದು, ಜ್ಯೇಷ್ಠಮಧುವಿನ ಕಡ್ಡಿಯನ್ನು ದವಡೆಗೆ ಒತ್ತಿಕೊಂಡು ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದರು.

ನಾನಾಗ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆ ಎಂದರೆ ಊಟ ಬೇಡ. ಪರವೋ ವಿರೋಧವೋ ಹೇಳಿ ಸಾಕು, ಐದು ನಿಮಿಷದಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತೇನೆ ಎಂಬ ಜಂಬ. ಒಂದು ಸಂಜೆ ಗೆದ್ದ ಕಪ್ ಹಿಡಿದುಕೊಂಡು ನೇರ ಅವರ ಜಗಲಿಗೇ ಹೋದೆ. ಅಂದಿನ ವಿಷಯ 'ಶಿಕ್ಷಕಿಗೆ ತ್ಯಾಗವೇ ಭೂಷಣ'. ನಾನು ಪರ. ಮೇಣದಬತ್ತಿ ತಾನು ಕರಗಿ ಬೆಳಕು ಕೊಡುತ್ತದೆ ಎಂಬ ಮಾತಿಗೆ ಚಪ್ಪಾಳೆ ಬಿತ್ತು ಎಂದು ಹೇಳಿಕೊಂಡೆ.

ಅವರು ಕಡ್ಡಿಯನ್ನು ಇನ್ನೊಂದು ದವಡೆಗೆ ತಳ್ಳಿದರು. ಒಡೆದ ದನಿಯಲ್ಲಿ, "ಅಲ್ವೇ, ಬತ್ತಿ ಕರಗಿ ಹೋದ್ಮೇಲೆ ಮಾರನೇ ದಿನ ಮಕ್ಕಳು ಕತ್ತಲಲ್ಲಿ ಕೂತ್ಕೋಬೇಕಾ?" ಎಂದರು.

ನಾನು ತಟ್ಟನೆ ವಿಷಯ ಬದಲಾಯಿಸಿದೆ. ಚರ್ಚೆಯಲ್ಲಿ ಕಲಿಯುವ ಮೊದಲ ವಿದ್ಯೆಯೇ ಅದು.

ಆ ವಾರ ಡಾಕ್ಟರು ಅವರಿಗೆ ಖಡಾಖಂಡಿತವಾಗಿ ಹೇಳಿದ್ದರಂತೆ: ಹೀಗೇ ಕೂಗಿದರೆ ಹೋದ ಸ್ವರ ವಾಪಸ್ ಬರುವುದಿಲ್ಲ. ಬಾಲವಾಡಿ ಶಿಕ್ಷಕಿಯರಿಗೆ ಸಿಟಿಯಲ್ಲಿ, ಕೂಗದೆ ಕಲಿಸುವುದನ್ನೂ ಹೇಳಿಕೊಡುವ ಆರು ತಿಂಗಳ ತರಬೇತಿ ಇತ್ತು. ಅದಕ್ಕೆ ಅರ್ಜಿ ಬರೆದುಕೊಂಡು, ರುಜು ಹಾಕಿಸಲು ಮಂಡಳಿಯ ಅಧ್ಯಕ್ಷೆಯ ಮನೆಗೆ ಹೊರಟರು. ಮಜಾ ನೋಡಲು ನಾನೂ ಹಿಂದೆ ಹೋದೆ. ಅಧ್ಯಕ್ಷೆ ಊರಿನ ಹಳೇ ಒಕ್ಕಲು ಮನೆತನದವರು. ಎಮ್ಮೆಗೆ ಹುಲ್ಲು ಹಾಕುತ್ತಲೇ ಅರ್ಜಿ ಕೇಳಿಸಿಕೊಂಡರು.

"ಮಕ್ಳ್ನ ಆಡ್ಸಾಕೂ ಟ್ರೈನಿಂಗಾ ತಾಯಿ? ನಾನೇನ್ ಟ್ರೈನಿಂಗ್ ಮಾಡಿ ಐದ್ ಮಕ್ಳ್ನ ಸಾಕುದ್ನಾ? ಕೂಗಾಕಾಗಲ್ಲ ಅಂದ್ರೆ ಬುಡು, ಗಂಟ್ಲಿರೋಳ್ನ ಇಟ್ಕಂತೀವಿ."

ಟೀಚರ್ ಮುಖ ಬಿಳಿಚಿಕೊಂಡಿತು. ಆ ಕೆಲಸ ಬಿಟ್ಟರೆ ಅವರಿಗೆ ಇನ್ನೊಂದಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅರ್ಜಿಯನ್ನು ಮಡಚಿ ಹಿಡಿದು ಹೇಳಿದರು: "ಮುಂದಿನ ಶನಿವಾರ ಬಂದು ನೋಡಿ ಅಮ್ಮ. ಒಂದ್ಸಲಾನೂ ಕೂಗ್ದೆ ಕ್ಲಾಸ್ ನಡೆಸ್ತೀನಿ. ನಡೀಲಿಲ್ಲ ಅಂದ್ರೆ ನಾನೇ ಬಿಟ್ಬಿಡ್ತೀನಿ."

"ನಡುದ್ರೆ ರುಜು ಆಕ್ತೀನಿ, ಓಗು," ಎಂದರು ಅಧ್ಯಕ್ಷೆ.

ದಾರಿಯಲ್ಲಿ ನಾನೆಂದೆ, "ಟೀಚರ್, ನಲವತ್ತು ಮಕ್ಕಳು. ಹತ್ತು ನಿಮಿಷ ನಡೆದ್ರೆ ಜಾಸ್ತಿ."

"ಬಂದು ನೋಡೆ, ವಕೀಲಮ್ಮ."

ಆ ದಿನಗಳಲ್ಲಿ ಅವರು ಮಾಡಿದ ಕೆಲಸ ವಿಚಿತ್ರವಾಗಿತ್ತು. ಶಿಫ್ಟ್ ಬಿಟ್ಟು ಬರುವ ಗಂಡಸರನ್ನು ಜಗಲಿಯ ಮುಂದೆ ನಿಲ್ಲಿಸಿಕೊಂಡು, "ಇನ್ನೊಂದ್ಸಲ ತೋರ್ಸಿ ಅಣ್ಣ" ಎನ್ನುವರು. ಅವರು ಕೈ ಆಡಿಸುವರು, ಇವರೂ ಹಾಗೇ ಆಡಿಸುವರು. ನಾನು ನಕ್ಕು, "ಫ್ಯಾಕ್ಟರಿ ಸೇರ್ಕೋತೀರಾ ಟೀಚರ್?" ಎಂದು ಕೆಣಕಿದೆ. ಅವರು ಬರೀ ನಕ್ಕರು.

ಶನಿವಾರ ಅಧ್ಯಕ್ಷೆಯ ಜೊತೆ ಮಂಡಳಿಯ ನಾಲ್ಕು ಹೆಂಗಸರು ಬಂದು ಗೋಡೆಗೊರಗಿ ಚಾಪೆಯ ಮೇಲೆ ಕೂತರು. ನಾನು ಬಾಗಿಲ ಬಳಿ ವಾಚು ನೋಡುತ್ತಾ ನಿಂತೆ. ಟೀಚರ್ ಮಧ್ಯಕ್ಕೆ ಬಂದು ತೋರುಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು. ನಲವತ್ತೂ ಮಕ್ಕಳು ಎದ್ದು ಸುತ್ತಲೂ ನಡೆಯತೊಡಗಿದವು! ಅಂಗೈಯನ್ನು ಕೆಳಕ್ಕೆ ಒತ್ತಿದರು, ಹೆಜ್ಜೆ ನಿಧಾನವಾಯಿತು. ಮುಷ್ಟಿ ಕಟ್ಟಿ ಎತ್ತಿದರು. ಎತ್ತಿದ ಕಾಲು ಎತ್ತಿದ ಹಾಗೇ ನಿಂತವು. ಹೆಬ್ಬೆರಳು ಬಾಯಿಗೆ ತೋರಿಸಿದರು. ನೀರಿನ ಕೊಳಗದ ಮುಂದೆ ಸಾಲು.

ಆಗ ಹೊಳೆಯಿತು. ಪ್ರೆಸ್ ಮಿಷನ್ನುಗಳ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ, ಅಲ್ಲಿ ಕೆಲಸ ಮಾಡುವವರು ಕೈಯಲ್ಲೇ ಮಾತಾಡುತ್ತಾರೆ. ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುವುದಿಲ್ಲ. ಮಕ್ಕಳಿಗೆ ಈ ಭಾಷೆ ಮೊದಲೇ ಗೊತ್ತಿತ್ತು. ಟೀಚರ್ ಅದನ್ನು ಅವರ ಅಪ್ಪಂದಿರಿಂದ ಜಗಲಿಯ ಮುಂದೆಯೇ ಕಲಿತುಕೊಂಡಿದ್ದರು. ಹತ್ತು ನಿಮಿಷ ದಾಟಿತು, ಇಪ್ಪತ್ತು ದಾಟಿತು. ಅವರು ಪಿಸುಮಾತಿನಲ್ಲಿ ಕತೆ ಶುರುಮಾಡಿದರು. ಕೇಳಿಸಬೇಕೆಂದು ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಅವರ ಸೆರಗಿನ ಹತ್ತಿರ ಹತ್ತಿರ ಜರುಗಿದವು.

ಅಷ್ಟರಲ್ಲಿ ಮೂಲೆಯಲ್ಲಿ ಇಬ್ಬರು ಹುಣಸೆಬೀಜದ ಡಬ್ಬಕ್ಕೆ ಕಿತ್ತಾಡಿದರು. ಡಬ್ಬ ಉರುಳಿ, ಬೀಜ ಚೆಲ್ಲಿ, ಹತ್ತು ಮಕ್ಕಳು ಅದರ ಮೇಲೆ ಬಿದ್ದು, ಗಲಾಟೆಯೋ ಗಲಾಟೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಟೀಚರ್ ಸೋಲುತ್ತಾರೆ ಎಂದು ವಾದಿಸಿದವಳು ನಾನೇ. ಆದರೆ ಅವರು ಸೋಲುವುದನ್ನು ನೋಡಲಾಗಲಿಲ್ಲ ನನಗೆ. ಸ್ಪರ್ಧೆಯ ದನಿಯೆಲ್ಲ ಒಟ್ಟುಗೂಡಿಸಿ ಕಿರುಚಿದೆ: "ಸೈಲೆನ್ಸ್!"

ಚಿಕ್ಕವು ಅತ್ತವು. ದೊಡ್ಡವು ಬಾಗಿಲಿಗೆ ಓಡಿದವು. ಅಲ್ಲಿಯವರೆಗೆ ಉಳಿದಿದ್ದ ಶಾಂತಿಯನ್ನೂ ನಾನೇ ಹಾಳುಮಾಡಿದೆ.

ಟೀಚರ್ ನನ್ನ ಕಡೆ ನೋಡಲೂ ಇಲ್ಲ. ಮುಷ್ಟಿ ಎತ್ತಿ ನಿಂತರು. ಒಂದು ಮಗು ಕಂಡಿತು, ತಾನೂ ಮುಷ್ಟಿ ಎತ್ತಿತು. ಪಕ್ಕದ್ದು, ಅದರ ಪಕ್ಕದ್ದು... ಕೊನೆಗೆ ಬಿಸಿಲಿಗೆ ತಲೆಯ ಮೇಲಿನ ಶೀಟು ಚಟಚಟ ಎನ್ನುವುದು ಕೇಳಿಸುವಷ್ಟು ನಿಶ್ಶಬ್ದ. ಕಣ್ಣೀರಿನ್ನೂ ಒಣಗದ ಪುಟ್ಟ ಹುಡುಗಿಯೊಬ್ಬಳು ನನ್ನ ಮುಂದೆ ಬಂದು, ಮುಷ್ಟಿಯನ್ನು ಮುಖಕ್ಕೆ ಹಿಡಿದು ಗಂಭೀರವಾಗಿ ಹೇಳಿದಳು:

"ಅಕ್ಕಾ, ಮಿಷನ್ ಆಫ್."

ಅಧ್ಯಕ್ಷೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಗಂಟ್ಲಿರೋಳು ಏನ್ ಮಾಡ್ತಾಳೆ ಅಂತ ನೋಡ್ದಂಗಾಯ್ತು ಬುಡವ್ವ. ಕೊಡಿಲ್ಲಿ ಅರ್ಜೀನ." ರುಜು ಹಾಕಿ ತಲೆಯೆತ್ತಿದರು. "ಅದ್ಸರಿ, ಆರ್ ತಿಂಗ್ಳು ಈ ಮಕ್ಳ್ನ ಯಾರ್ ನೋಡ್ಕಂತಾರೆ?"

ಟೀಚರ್ ನನ್ನ ಕಡೆ ತಿರುಗಿ, ಬೆರಳೆತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದರು. ಚಾಲೂ ಮಾಡು.

ಪರೀಕ್ಷೆ ಮುಗಿದದ್ದೇ ನಾನು ಆ ಕೋಣೆಗೆ ಹೋದೆ. ಆರು ತಿಂಗಳ ಮೇಲೆ ಅವರು ಮರಳಿದಾಗ ದನಿ ಸಣ್ಣದಾಗಿತ್ತು, ಆದರೆ ಒಡೆದಿರಲಿಲ್ಲ. ಮಕ್ಕಳು ಹೋದ ಮೇಲೆ ಕಾಲು ಗಂಟೆ ಕಣ್ಣುಮುಚ್ಚಿ ಕೂರುವರು. ಇದು ಸೋಮಾರಿತನ ಎಂದು ನಾನು, ಇದೂ ಕೆಲಸವೇ ಎಂದು ಅವರು, ಎಷ್ಟು ಜಗಳಾಡಿದ್ದೇವೋ... ಆಮೇಲೆ ಅವರು ಟೀಚರುಗಳಿಗೇ ಕಲಿಸಲು ತುಮಕೂರಿನ ಕಡೆ ಹೋದರು. ಕೋಣೆ ನನಗುಳಿಯಿತು.

ಹೋದ ದೀಪಾವಳಿಗೆ ಅವರು ತೀರಿಕೊಂಡ ಸುದ್ದಿ ಬಂತು. ಅಷ್ಟು ವರ್ಷದಲ್ಲಿ ಒಮ್ಮೆಯೂ 'ನಾನು ಸೋತೆ ಟೀಚರ್' ಎಂದು ಹೇಳಲಿಲ್ಲ ನಾನು. ಕಪ್ ಗೆಲ್ಲುವವರಿಗೆ ಆ ಒಂದು ವಾಕ್ಯ ಯಾರೂ ಕಲಿಸುವುದಿಲ್ಲ.

ಈಗ ಮಕ್ಕಳು ಅರವತ್ತು. ಯಾವಾಗ ಮತ್ತೆ ಕೂಗಲು ಶುರುಮಾಡಿದೆನೋ ನನಗೇ ಗೊತ್ತಾಗಲಿಲ್ಲ. ರುಜು ಬಿದ್ದ ಅದೇ ತರಬೇತಿಯ ಅರ್ಜಿ ಮೂರು ವಾರದಿಂದ ನನ್ನ ಚೀಲದಲ್ಲಿತ್ತು. ಆರು ತಿಂಗಳು ಇವರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ನನ್ನ ವಾದ. ಅಂಗಡಿಯವನು "ಇನ್ನೇನ್ ಬೇಕಕ್ಕಾ?" ಎಂದಾಗ ಉತ್ತರಿಸಲು ಬಾಯಿ ತೆರೆದೆ, ಸ್ವರವೇ ಹೊರಡಲಿಲ್ಲ.

ನೇರ ಪೋಸ್ಟಾಫೀಸಿಗೆ ನಡೆದು ಅರ್ಜಿಯನ್ನು ಡಬ್ಬಿಗೆ ಹಾಕಿದೆ. ಹೇಳಿಕೊಳ್ಳಬೇಕಾದವರು ಇಲ್ಲ. ಸುತ್ತ ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದೆ.