ತೌನೊ ಸಹಿ ಹಾಕದ ಕ್ರೇನ್

ಬೆಳಗಿನ ಆರು ಗಂಟೆ. ಹೊರಗೆ ಮೈನಸ್ ಹತ್ತೊಂಬತ್ತು. ಬೆಳಕು ಹರಿಯಲು ಇನ್ನೂ ಮೂರು ತಾಸು ಬೇಕು. ಕೋಟ್ಕಾ ಬಂದರಿನಿಂದ ಒಳಕ್ಕೆ ಮೂವತ್ತು ಕಿಲೋಮೀಟರ್ ದೂರದ ತಗಡಿನ ಶೆಡ್ಡಿನಲ್ಲಿ 1967ರ ಕ್ರೇನಿನ ತೋಳು ಉದ್ದಕ್ಕೆ ಮಲಗಿದೆ. ತೌನೊ ಕ್ಯಾರ್ಪ್ಪ ಕೈಗವಸು ಕಳಚಿ ತೋಳಿನ ತುದಿಯ ರಾಟೆಯೊಳಗೆ ಬೆರಳು ತೂರಿಸುತ್ತಾರೆ. ಹತ್ತಿದ ಕಂದು ಗ್ರೀಸನ್ನು ಹೆಬ್ಬೆರಳಿಗೆ ಉಜ್ಜಿ ಮೂಸುತ್ತಾರೆ.

"ಜೇಡಿ ಬೆರೆಸಿದ ಗ್ರೀಸು ಇದು. ಹೊಸದರ ಜೊತೆ ಬಾಳ್ವೆ ಮಾಡಲ್ಲ. ಹೇಳಿದ್ರೆ ಯಾರು ಕೇಳ್ತಾರೆ?"

ಹಳೆಯ ಭಾರೀ ಯಂತ್ರಗಳಿಗೆ ಮರುಜೀವ ಕೊಡುವ ಈ ಶೆಡ್ಡಿನಲ್ಲಿ ತೌನೊಗೆ ಇದು ನಲವತ್ತೊಂದನೇ ಚಳಿಗಾಲ. ಹೊಸ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ, ಬೆಸುಗೆಯನ್ನು ಕೆಲವರು. ಒಳಗೆ ಯಾವ ಗ್ರೀಸ್ ಹೋಯಿತೆಂದು ಕೇಳುವ ಪುಣ್ಯಾತ್ಮರು ಕಡಿಮೆ. ಕಲ್ಲುಗಣಿಯ ಈ ಕ್ರೇನಿಗೆ ಮೂವತ್ತೆರಡು ಕಡೆ ಗ್ರೀಸ್ ಬೇಕು. ಮೂವತ್ತೊಂದು ಸುಲಭವಾಗಿ ಕೈಗೆ ಸಿಗುತ್ತವೆ. ಉಳಿದದ್ದು ಈ ತುದಿಯ ರಾಟೆ. ತೋಳು ಎದ್ದು ನಿಂತ ಮೇಲೆ ಅದು ಹದಿನೆಂಟು ಮೀಟರ್ ಎತ್ತರದಲ್ಲಿರುತ್ತದೆ, ಅಲ್ಲಿಗೆ ಮನುಷ್ಯ ಹತ್ತುವುದು ವರ್ಷಕ್ಕೊಮ್ಮೆ. ಹಾಗಾಗಿ ಒಮ್ಮೆ ತುಂಬಿದ್ದು ಮಳೆ, ಹಿಮ, ಕಲ್ಲಿನ ಧೂಳು ಎಲ್ಲವನ್ನೂ ತಡೆದುಕೊಂಡು ವರ್ಷಪೂರ್ತಿ ನಿಲ್ಲಬೇಕು.

ಹಳೆಯ ಗ್ರೀಸಿಗೂ ಹೊಸದಕ್ಕೂ ಹೊಂದುತ್ತದೋ ಇಲ್ಲವೋ ನೋಡಲು ತೌನೊ ಅವರದೇ ಒಂದು ಕ್ರಮವಿದೆ. ಎರಡನ್ನೂ ಸಮಸಮ ಕಲಸಿ ಕಾಫಿ ಡಬ್ಬಿಯ ಮುಚ್ಚಳಕ್ಕೆ ಬಳಿಯುತ್ತಾರೆ. ಶನಿವಾರ ಮನೆಯ ಸೌನಾದ ಬಿಸಿ ಹಬೆಯಲ್ಲಿ ಬೆವರಲು ಕೂತಾಗ ಮೇಲಿನ ಹಲಗೆಯಲ್ಲಿ, ತಮ್ಮ ಪಕ್ಕದಲ್ಲೇ, ಅದನ್ನು ಓರೆಯಾಗಿ ನಿಲ್ಲಿಸುತ್ತಾರೆ. ಹೊಂದಿದರೆ ಗ್ರೀಸ್ ಗಟ್ಟಿಯಾಗಿ ನಿಲ್ಲುತ್ತದೆ, ಇಲ್ಲದಿದ್ದರೆ ನೀರಾಗಿ ಇಳಿಯುತ್ತದೆ.

"ಮದುವೆಯಾಗಿ ಮೂವತ್ತೈದು ವರ್ಷ ಆಯ್ತು. ಸೌನಾದಲ್ಲೂ ನನ್ನ ಮುಖ ನೋಡಲ್ಲ, ಮುಚ್ಚಳ ನೋಡ್ತಾ ಕೂರ್ತಾನೆ," ಎಂದು ಹೆಂಡತಿ ಇರ್ಮೆಲಿ ಕಾಲೆಳೆಯುತ್ತಾರೆ.

ಕಳೆದ ಶನಿವಾರ ಕಾದ ಕಲ್ಲಿಗೆ ಎರಡನೇ ಸಲ ನೀರು ಹಾಕುವಷ್ಟರಲ್ಲಿ ಗ್ರೀಸ್ ಮಜ್ಜಿಗೆಯಂತೆ ತೆಳ್ಳಗಾಗಿ ಹಲಗೆಗೆ ಇಳಿದಿದೆ. ತೌನೊ ಸೊಂಟಕ್ಕೆ ಟವೆಲ್ ಸುತ್ತಿಕೊಂಡೇ ಗಣಿಯ ಮೇಲ್ವಿಚಾರಕ ಸಕಾರಿಗೆ ಫೋನ್ ಮಾಡಿದ್ದಾರೆ. ರಾಟೆಗಳನ್ನೆಲ್ಲ ಬಿಚ್ಚಿ, ಬೇರಿಂಗುಗಳನ್ನು ಚೊಕ್ಕವಾಗಿ ತೊಳೆದು, ಆಮೇಲೆ ಹೊಸದು ತುಂಬಬೇಕು. ಒಪ್ಪಿಕೊಂಡಿದ್ದ ಶುಕ್ರವಾರದ ಮೇಲೆ ಇನ್ನೂ ನಾಲ್ಕು ದಿನ ಬೇಕು. ಕೆಲಸ ನಾಲ್ಕು ದಿನ ನಿಲ್ಲುವುದೆಂದರೆ ಗಣಿಯವರಿಗೆ ಪ್ರಾಣಸಂಕಟ. ಬಿಚ್ಚಬೇಡ, ಹಳೆಯದರ ಮೇಲೇ ಹೊಸ ಗ್ರೀಸ್ ಒತ್ತು, ಶುಕ್ರವಾರ ಬಂದು ಒಯ್ಯುತ್ತೇನೆ ಎಂದಿದ್ದಾರೆ ಸಕಾರಿ.

ಹಳೆಯದರ ಮೇಲೆ ಒತ್ತಿದರೆ ಏನಾಗುತ್ತದೆಂದು ತೌನೊಗೆ ಗೊತ್ತು. 1998ರ ಶರತ್ಕಾಲದಲ್ಲಿ ಇನ್ನೊಂದು ಗಣಿಯ ಕ್ರೇನಿಗೆ ಅವರೇ ಹಾಗೆ ಒತ್ತಿದ್ದರು. ಹೊಸ ಗ್ರೀಸ್ ಇನ್ನೊಂದು ಬದಿಯಲ್ಲಿ ಇಣುಕಿದರೆ ಹಳೆಯದೆಲ್ಲ ಹೊರಬಿತ್ತು ಎಂಬುದು ಈ ಕಸುಬಿನವರ ನಂಬಿಕೆ. ಹೊಸದು ಇಣುಕಿತ್ತು. ಒಳಗೆ ಉಳಿದಿದ್ದ ಹಳೆಯದರೊಂದಿಗೆ ಬೆರೆತು ನೀರಾಗಿ, ಐದೇ ತಿಂಗಳಲ್ಲಿ ಸೋರಿಹೋಯಿತು. ಬೇರಿಂಗ್ ಒಣಗಿ ರಾಟೆ ಕಚ್ಚಿಕೊಂಡಿತು. ತಿರುಗದ ರಾಟೆಗೆ ಉಜ್ಜಿ ಉಜ್ಜಿ ಉಕ್ಕಿನ ಹಗ್ಗ ತುಂಡಾಯಿತು. ಒಂಬತ್ತು ಟನ್ ಕಲ್ಲಿನ ಕೆಳಗೆ ನಿಂತಿದ್ದವರು ತೌನೊ ಅವರ ಜೀವದ ಗೆಳೆಯ ರೈಮೊ.

"ಹಗ್ಗ ಹಳೇದಾಗಿತ್ತು ಅಂತ ತನಿಖೆಯವ್ರು ಬರೆದು ಮುಗಿಸಿದ್ರು. ನಾನು ರಾಟೆ ಬಿಚ್ಚಿ ನೋಡ್ದೆ. ಅವನ ಹೆಂಡ್ತಿ ಹತ್ರ ಹೋಗಿ ನಾನೇ ಹೇಳ್ದೆ. ಕಾಫಿ ಬಗ್ಗಿಸಿ ಕೊಟ್ಲು. ಕುಡಿದಾದ್ಮೇಲೆ, ಇನ್ನು ಈ ಕಡೆ ಬರಬೇಡ ಅಂದ್ಲು."

ರೈಮೊ ಅವರ ಮಗಳು ಕಾಯ್ಸುಗೆ ಆಗ ಎಂಟು ವರ್ಷ. ಈಗ ಶೆಡ್ಡಿನಲ್ಲಿ ಮಲಗಿರುವ ಈ ಕ್ರೇನನ್ನು ನಡೆಸುವವರು ಅವರೇ.

ಇವತ್ತು ಶುಕ್ರವಾರ. ಎಂಟು ಗಂಟೆಗೆ ಸಕಾರಿ ಲಾರಿ ತರುತ್ತಾರೆ. ಕ್ರೇನ್ ಒಪ್ಪಿಸಿಕೊಳ್ಳಲು ಕಾಯ್ಸು ಕೂಡ ಬಂದಿದ್ದಾರೆ, ತೌನೊ ಕಡೆ ಕಣ್ಣೆತ್ತಿ ನೋಡುವುದಿಲ್ಲ.

"ಒತ್ತಿದ್ಯಾ?" ಸಕಾರಿ ಕೇಳುತ್ತಾರೆ.

"ಇಲ್ಲ. ಬಿಚ್ಚೋಕೆ ಬಿಟ್ರೆ ತುಂಬ್ತೀನಿ. ಇಲ್ದಿದ್ರೆ ಕ್ರೇನ್ ಸರಿಯಾಗಿದೆ ಅಂತ ಸಹಿನೂ ಹಾಕಲ್ಲ."

"ಸೌನಾದಲ್ಲಿ ಗ್ರೀಸ್ ಬೇಯಿಸೋ ಮುದುಕನ ಮಾತು ಕೇಳಿ ಗಣಿಗೆ ಬೀಗ ಹಾಕ್ಲಾ?" ಸಕಾರಿ ಸಿಡುಕುತ್ತಾರೆ. "ನಿನ್ನ ಸಹಿ ಯಾರಿಗೆ ಬೇಕು? ನಮ್ಮವ್ರೇ ಒತ್ಕೋತಾರೆ."

ತೌನೊ ಕಿಟಕಿಯ ಮೇಲಿದ್ದ ಮುಚ್ಚಳ ತಂದು ಕಾಯ್ಸು ಕೈಗಿಡುತ್ತಾರೆ. ಕಾಯ್ಸು ಓರೆ ಮಾಡಿ ನೋಡುತ್ತಾರೆ. ತೆಳು ಗ್ರೀಸ್ ಅಂಗಿಯ ತೋಳಿಗೆ ಹರಿಯುತ್ತದೆ.

"ಅಪ್ಪನ ರಾಟೆಯಲ್ಲೂ ಹೀಗೇ ಆಗಿದ್ದಾ?"

"ಹೀಗೇ."

ಕಾಯ್ಸು ಸಕಾರಿ ಕಡೆ ತಿರುಗುತ್ತಾರೆ. "ಈ ಮನುಷ್ಯನ ಮುಖ ಕಂಡ್ರೆ ನಂಗಾಗಲ್ಲ. ಆದ್ರೆ ಈ ಮನುಷ್ಯ ಸಹಿ ಹಾಕೋವರೆಗೆ ನಾನು ಕ್ರೇನ್ ಹತ್ತಲ್ಲ. ಕೆಳಗೆ ಆರು ಜನ ನಿಂತಿರ್ತಾರೆ."

ಲಾರಿ ಖಾಲಿಯಾಗಿ ಹಿಂದಿರುಗುತ್ತದೆ. ಇನ್ನು ಮುಂದೆ ನಮ್ಮ ಗಣಿಯ ಒಂದು ಮೊಳೆಯೂ ಈ ಶೆಡ್ಡಿಗೆ ಬರುವುದಿಲ್ಲ ಎಂದು ಹೇಳಿಯೇ ಸಕಾರಿ ಹೋಗುತ್ತಾರೆ. ಕಾಯ್ಸು ಅಂಗಿಯ ತೋಳಿನ ಗ್ರೀಸ್ ಒರೆಸಿಕೊಳ್ಳುತ್ತ ಹೊರನಡೆದಿದ್ದಾರೆ. ತೌನೊ ಅದಾಗಲೇ ಸ್ಪ್ಯಾನರ್ ಹಿಡಿದು ಮೊದಲ ರಾಟೆ ಬಿಚ್ಚತೊಡಗಿದ್ದಾರೆ.

ಇಷ್ಟು ವರ್ಷ ದುಡಿದರೂ ನಿಮ್ಮ ಹೆಸರು ಹೊರಗೆ ಯಾರಿಗೂ ಗೊತ್ತಿಲ್ಲವಲ್ಲ ಎಂದರೆ ತಲೆ ಎತ್ತದೆ ಹೇಳುತ್ತಾರೆ:

"ಗೊತ್ತಾಗೋದು ಬೇಡ. ಒಂದು ಸಲ ಒಂದು ಮನೆಯವ್ರಿಗೆ ಗೊತ್ತಾಯ್ತು. ಅಷ್ಟೇ ಸಾಕು."