ಸುಮಕ್ಕನ ಎಳ್ಳಿನಲ್ಲಿ ಕೊಬ್ಬರಿ ಎಷ್ಟು?

ಕರೆಂಟ್ ಈಗಷ್ಟೇ ಬಂತು ಗೆಳತಿಯರೇ, ಸಿಟ್ಟು ಆರುವ ಮೊದಲೇ ಬರೆದುಬಿಡುತ್ತೇನೆ.

ಮಗಳು ನಿಧಿ ಇನ್ನೂ ಎಲ್‌ಕೆಜಿ. ಸಂಕ್ರಾಂತಿ ರಜೆಯೆಂದು ಅವಳನ್ನು ಟಿವಿ ಮುಂದೆ ಕೂರಿಸುವುದಿಲ್ಲ ಎಂದು ಹಟ ತೊಟ್ಟವಳು ನಾನು. ವಿನೋಬನಗರದ ನಮ್ಮ ಪಕ್ಕದ ಮನೆಯ ಸುಮಕ್ಕ ಬೆಳಿಗ್ಗೆ ಬೀರಿಹೋಗಿದ್ದ ಎಳ್ಳು-ಬೆಲ್ಲವನ್ನು ತಟ್ಟೆಗೆ ಸುರಿದು ಸುತ್ತ ಬಟ್ಟಲುಗಳನ್ನಿಟ್ಟೆ.

"ಬೆಲ್ಲ ಇದಕ್ಕೆ, ಕಡ್ಲೆಬೀಜ ಇದಕ್ಕೆ, ಕೊಬ್ರಿ ಇದಕ್ಕೆ" ಎಂದೆ. ಮಗು ನಾಲಿಗೆ ಕಚ್ಚಿಕೊಂಡು ಹೆಕ್ಕತೊಡಗಿತು. ಬಣ್ಣ, ಆಕಾರ, ಎಣಿಕೆ ಎಲ್ಲವೂ ಒಂದೇ ತಟ್ಟೆಯಲ್ಲಿ!

ಅಷ್ಟರಲ್ಲಿ ಸುಮಕ್ಕ, ಬೆಳಿಗ್ಗೆ ಮರೆತಿದ್ದ ಕಬ್ಬಿನ ತುಂಡು ಕೊಡಲು ಬಂದರು. ತಟ್ಟೆ ನೋಡಿ ಅವರ ಮುಖ ಕೆಂಪಗಾಯಿತು.

"ಏನ್ ಮಾರಾಯ್ತಿ, ನಮ್ಮನೆ ಎಳ್ಳಲ್ಲಿ ಏನೇನು ಎಷ್ಟೆಷ್ಟು ಹಾಕಿದೀವಿ ಅಂತ ಲೆಕ್ಕ ನೋಡ್ತಿದೀಯಾ?"

"ಅಯ್ಯೋ ಇಲ್ಲ ಸುಮಕ್ಕ, ಆಟ ಆಡಿಸ್ಕೊಂಡು ಮಗೂಗೆ ಪಾಠ ಹೇಳ್ಕೊಡ್ತಿದೀನಿ."

ನಿಧಿ ಬಟ್ಟಲು ಎತ್ತಿ ತೋರಿಸಿದಳು. "ಆಂಟಿ, ಕೊಬ್ರಿ ಮೂರೇ ಇದೆ!"

ಸುಮಕ್ಕ ಕಬ್ಬನ್ನು ಅಲ್ಲೇ ಇಟ್ಟು ಹೊರಟೇಬಿಟ್ಟರು. ಹಬ್ಬಕ್ಕೆಂದು ಭದ್ರಾವತಿಯಿಂದ ಬಂದಿದ್ದ ಅತ್ತೆ, "ಬೀರಿದ ಎಳ್ಳನ್ನ ಯಾರಾದ್ರೂ ಬಿಡಿಸಿ ನೋಡ್ತಾರೇನಮ್ಮ? ಸಾಕು, ಎತ್ತಿಡು" ಎಂದರು.

ನಾನು ಎತ್ತಿಡಲಿಲ್ಲ. ಮಗು ಮೂರರವರೆಗೆ ತಪ್ಪಿಲ್ಲದೆ ಎಣಿಸಿದ್ದು ಇವತ್ತೇ ಮೊದಲು.

ಸಂಜೆ ಸುಮಕ್ಕನ ಮನೆಯಿಂದ ಇನ್ನೊಂದು ಪೊಟ್ಟಣ ಬಂತು. ಬಿಚ್ಚಿ ತಟ್ಟೆಗೆ ಸುರಿದೆ. ಬರೀ ಕೊಬ್ಬರಿ.

ಒಳ್ಳೆಯದೇ ಆಯಿತು. ನಾಳೆ ನಾಲ್ಕರಿಂದ ಮುಂದಿನ ಎಣಿಕೆ ಶುರು.